ಮೇಲೊಂದು ಯ, ಕೆಳಗೊಂದು ಯ ಇದ್ದರೆ ಹೊಡೆದುಹಾಕಬಹುದಾ?

ಪ್ರಶ್ನೆ: ಸರ್, ನಮ್ಮದು ಮಂಡ್ಯ. ಮಗ ಒಂಬತ್ತನೇ ಕ್ಲಾಸು. ಏಳನೇ ಕ್ಲಾಸಿನವರೆಗೂ ಲೆಕ್ಕದಲ್ಲಿ ಮುಂದಿದ್ದ. ಅಕ್ಷರ ಇರುವ ಭಿನ್ನರಾಶಿ ಬಂದ ಮೇಲೆ ಕೈಚೆಲ್ಲಿ ಕೂತಿದ್ದಾನೆ. ಮೊನ್ನೆ ಟೆಸ್ಟಿನಲ್ಲಿ ಎರಡು ಲೆಕ್ಕ ತಪ್ಪಾಗಿದೆ. ಮೊದಲನೆಯದು (ಯ² + 5ಯ + 6) / (ಯ² − 9), ಸುಲಭ ರೂಪಕ್ಕೆ ತರಬೇಕಿತ್ತು. ಅವನು ಮೇಲಿನ ಯ², ಕೆಳಗಿನ ಯ² ಹೊಡೆದುಹಾಕಿ, 6 ಮತ್ತು 9ನ್ನು 3ರಿಂದ ಹೊಡೆದು (5ಯ + 2) / (−3) ಅಂತ ಬರೆದಿದ್ದಾನೆ. ಎರಡನೆಯದು 3/(ಯ − 2) − (ಯ + 1)/(ಯ² − 4). ಇದಕ್ಕೆ 2ಯ + 7 ಅಂತ ಉತ್ತರ ಬರೆದಿದ್ದಾನೆ. ಛೇದ ಎಲ್ಲಿ ಹೋಯ್ತೋ ಅಂದರೆ 'ಗುಣಿಸಿ ತೆಗೆದುಬಿಟ್ಟೆ' ಅಂತಾನೆ. ಎರಡಕ್ಕೂ ಸೊನ್ನೆ. ಕೆಂಪು ಗೀಟು ಬಿಟ್ಟರೆ ಹಾಳೆ ಮೇಲೆ ಬೇರೇನೂ ಬರೆದಿಲ್ಲ. ನಾನು ಓದಿದ್ದು ಆರ್ಟ್ಸ್. ಹಾಳೆಯ ಫೋಟೋ ಕಳಿಸಿದ್ದೇನೆ. ಎಲ್ಲಿ ತಪ್ಪಿದ್ದಾನೆ, ನಾನು ಹೇಗೆ ಹೇಳಿಕೊಡಲಿ, ಟ್ಯೂಷನ್‌ಗೆ ಹಾಕಬೇಕಾ?

ಉತ್ತರ: ಫೋಟೋ ದೊಡ್ಡದು ಮಾಡಿ ನೋಡಿದೆ ಅಮ್ಮ. 6ರ ಪಕ್ಕ ಪುಟ್ಟದಾಗಿ 2, 9ರ ಪಕ್ಕ ಪುಟ್ಟದಾಗಿ 3, ಎರಡೂ ಓರೆ ಗೀಟು ಒಂದೇ ಉದ್ದ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವ ಹುಡುಗ ದಡ್ಡ ಅಲ್ಲ. ಐದನೇ ಕ್ಲಾಸಿನಲ್ಲಿ 6/9 ಕೊಟ್ಟಾಗ ಹೀಗೇ ಹೊಡೆದು 2/3 ಅಂತ ಬರೆದಿದ್ದ, ಪೂರ್ತಿ ಮಾರ್ಕ್ಸ್ ಬಂದಿತ್ತು. ಅದೇ ಕೈ ಇವತ್ತೂ ಓಡಿದೆ. ಆದರೆ ಆಗ ಆ ಗೀಟು ಯಾಕೆ ಸರಿ ಇತ್ತು ಅಂತ ಯಾರೂ ಅವನಿಗೆ ಹೇಳಿಲ್ಲ. ನಾನು ಮೈಸೂರಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಗಣಿತ ಪಾಠ ಮಾಡಿದ್ದೇನೆ. ಈ ಒಂದು ಓರೆ ಗೀಟಿನಿಂದ ಹೋದಷ್ಟು ಮಾರ್ಕ್ಸ್ ಬೇರೆ ಯಾವುದರಿಂದಲೂ ಹೋಗಿದ್ದು ನೋಡಿಲ್ಲ.

ಮೊದಲು ಆ ಯ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನೀವು ಯ ಅಂತ ಬರೆದಿದ್ದೀರಿ, ಒಳ್ಳೆಯದೇ ಆಯಿತು. ನಮ್ಮ ಹಳೇ ಗಣಿತದವರು ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್ತಾವತ್' ಅಂತ ಕರೆದು, ಚುಟುಕಾಗಿ 'ಯಾ' ಅಂತ ಬರೆಯುತ್ತಿದ್ದರು. ಅಂದರೆ 'ಎಷ್ಟೋ ಅಷ್ಟು'. ಎರಡನೆಯ ಗೊತ್ತಿಲ್ಲದ ಸಂಖ್ಯೆ ಬಂದರೆ ಕಾಲಕ, ಮೂರನೆಯದಕ್ಕೆ ನೀಲಕ. ಕಪ್ಪು, ನೀಲಿ ಅಂತ ಬಣ್ಣದ ಹೆಸರುಗಳು. ಈ 'ಎಷ್ಟೋ ಅಷ್ಟು' ಅನ್ನೋದನ್ನ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕ್ಯಾನ್ಸಲ್ ಮಾಡೋದು ಅಂದರೆ ಏನು? ಮಂಡ್ಯದವರಿಗೆ ಗುಂಟೆ ಲೆಕ್ಕ ಹೇಳಿಕೊಡಬೇಕಿಲ್ಲ. ಎಕರೆಗೆ 40 ಗುಂಟೆ. ಅರ್ಧ ಎಕರೆ ಅಂದರೆ 20 ಗುಂಟೆ. ಹಾಗಾಗಿ 20/40 ಅಂದರೂ 1/2 ಅಂದರೂ ನೆಲ ಅಷ್ಟೇ. ಯಾಕೆ?

20/40 = (1 × 20) / (2 × 20)

ಮೇಲೂ 20ರಿಂದ ಗುಣಿಸಿದೆ, ಕೆಳಗೂ 20ರಿಂದ ಗುಣಿಸಿದೆ. 20/20 ಅಂದರೆ 1. ಒಂದರಿಂದ ಗುಣಿಸಿದರೆ ಏನೂ ಬದಲಾಗುವುದಿಲ್ಲ, ಅದಕ್ಕೇ ಅದನ್ನು ಬರೆಯದೇ ಬಿಡುತ್ತೇವೆ. ಕ್ಯಾನ್ಸಲ್ ಅನ್ನೋದು ಇಷ್ಟೇ. ಏನೂ ಮಾಯ ಆಗುವುದಿಲ್ಲ, ಒಂದರಿಂದ ಗುಣಿಸಿದ್ದನ್ನು ಹೇಳದೇ ಬಿಡುತ್ತೇವೆ ಅಷ್ಟೇ.

ಇನ್ನು ಇದನ್ನು ನೋಡಿ: (2 + 3)/2. ಬೆಲೆ ಎರಡೂವರೆ, ಅಲ್ವಾ? ನಿಮ್ಮ ಮಗನ ಹಾಗೆ ಮೇಲಿನ 2, ಕೆಳಗಿನ 2 ಹೊಡೆದರೆ 3 ಉಳಿಯುತ್ತದೆ. ಇಲ್ಲಿ ಮೇಲಿನ 2 ಗುಣಿಸಿ ನಿಂತಿಲ್ಲ, ಕೂಡಿ ನಿಂತಿದೆ. ಕೆಳಗಿನ 2 ಮೇಲಿನ ಇಡೀ 5ನ್ನು ಭಾಗಿಸಬೇಕು. 2 ಇರುವ ಭಾಗವನ್ನು ಮಾತ್ರ ಭಾಗಿಸಿ, 3ನ್ನು ಮುಟ್ಟದೇ ಬಿಡುವುದು ಅಣ್ಣನಿಗೆ ಪಾಲು ಕೊಟ್ಟು ತಮ್ಮನಿಗೆ ಕೈ ಎತ್ತಿದ ಹಾಗೆ.

ಆವರಣದೊಳಗೆ ಇರುವುದನ್ನು ನಾನು ಮಕ್ಕಳಿಗೆ ಬಾಯಿ ಹೊಲಿದ ಭತ್ತದ ಮೂಟೆ ಅಂತ ಹೇಳುತ್ತೇನೆ. (ಯ + 3) ಒಂದು ಮೂಟೆ. ಮೇಲೆ ಅಂಥ ಮೂಟೆ ಗುಣಾಕಾರದಲ್ಲಿ ನಿಂತಿದೆ, ಕೆಳಗೂ ಅಂಥದ್ದೇ ಮೂಟೆ ಗುಣಾಕಾರದಲ್ಲಿ ನಿಂತಿದೆ ಅಂದರೆ ಮೂಟೆಗೆ ಮೂಟೆ ವಜಾ. ಹೊಲಿಗೆ ಸಂದಿಯಲ್ಲಿ ಬೆರಳು ತೂರಿಸಿ ಒಳಗಿನ ಯ ಒಂದನ್ನೇ ಎಳೆಯುವ ಹಾಗಿಲ್ಲ, 3 ಒಂದನ್ನೇ ಎಳೆಯುವ ಹಾಗೂ ಇಲ್ಲ. ನಿಮ್ಮ ಮಗ ಮಾಡಿರೋದು ಇದೇ. ಮೇಲಿನ ಮೂಟೆಗೆ ಕೈ ಹಾಕಿ ಯ² ತೆಗೆದ, ಕೆಳಗಿನ ಮೂಟೆಯಿಂದ ಇನ್ನೊಂದು ಯ² ತೆಗೆದ.

ಹಾಗಾದರೆ ಮೂಟೆ ಎಲ್ಲಿದೆ? ಲೆಕ್ಕದಲ್ಲಿ ಕೊಟ್ಟಿದ್ದು ಕೂಡಿಸಿದ ಪದಗಳ ಸಾಲು. ಅದನ್ನು ನಾವೇ ಮೂಟೆ ಕಟ್ಟಬೇಕು. ಅದಕ್ಕೇ ಎಂಟನೇ ಕ್ಲಾಸಿನಲ್ಲಿ ಅಪವರ್ತಿಸುವಿಕೆ ಅಂತ ಒಂದು ಪಾಠ ಇತ್ತು. ಆ ಪಾಠ ಬಂದಾಗ ಮಕ್ಕಳು 'ಇದರಿಂದ ಏನು ಉಪಯೋಗ' ಅಂತ ಕೇಳುತ್ತಾರೆ, ಮೇಷ್ಟರು 'ಮುಂದೆ ಬರುತ್ತೆ ಸುಮ್ನೆ ಕಲಿ' ಅಂತಾರೆ. ಆ 'ಮುಂದೆ' ಈಗ ಬಂದಿದೆ.

ಯ² + 5ಯ + 6 ತೆಗೆದುಕೊಳ್ಳಿ. ಗುಣಿಸಿದರೆ 6, ಕೂಡಿದರೆ 5 ಬರುವ ಎರಡು ಸಂಖ್ಯೆ ಬೇಕು. 2 ಮತ್ತು 3. ಹಾಗಾಗಿ ಅದು (ಯ + 2)(ಯ + 3). ಕೆಳಗಿನ ಯ² − 9 ಅಂದರೆ ಯ² − 3². ವರ್ಗಗಳ ವ್ಯತ್ಯಾಸ ಬಂದಾಗ ಒಂದು ಕೂಡಿಸಿದ್ದು, ಒಂದು ಕಳೆದದ್ದು: (ಯ + 3)(ಯ − 3).

(ಯ + 2)(ಯ + 3) / [(ಯ + 3)(ಯ − 3)] = (ಯ + 2) / (ಯ − 3)

(ಯ + 3) ಮೂಟೆ ಎರಡೂ ಕಡೆ ಇದೆ, ತೆಗೆದೆ. ಇಲ್ಲಿಗೆ ಮುಗಿಯಿತು. ಈಗ ಮೇಲೊಂದು ಯ, ಕೆಳಗೊಂದು ಯ ಇನ್ನೂ ಕಾಣುತ್ತಿದೆ, ಕೈ ತುರಿಸುತ್ತದೆ. ಹೊಡೆದು 2/(−3) ಅಂತ ಬರೆಯುವ ಹುಡುಗರು ಬೇಕಾದಷ್ಟು ಜನ ಇದ್ದಾರೆ. ಅಷ್ಟು ಸರಿಯಾಗಿ ಮಾಡಿ ಕೊನೇ ಸಾಲಿನಲ್ಲಿ ಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. (ಯ + 2) ಒಂದು ಮೂಟೆ, (ಯ − 3) ಬೇರೆ ಮೂಟೆ. ಒಳಗೆ ಒಂದೇ ತಳಿಯ ಭತ್ತ ಇದ್ದರೂ ಮೂಟೆ ಬೇರೆ.

ಈಗ ನಿಮಗೆ, ಅಂದರೆ ಆರ್ಟ್ಸ್ ಓದಿದವರಿಗೆ, ಕೈಗೆ ಸಿಗುವ ಒಂದು ಉಪಾಯ. ಯ ಅಂದರೆ 'ಎಷ್ಟೋ ಅಷ್ಟು' ಅಂದೆನಲ್ಲ. ಹಾಗಾದರೆ ಕೊಟ್ಟ ಲೆಕ್ಕಕ್ಕೂ ಬಂದ ಉತ್ತರಕ್ಕೂ ಯಾವ ಸಂಖ್ಯೆ ಹಾಕಿದರೂ ಬೆಲೆ ಒಂದೇ ಬರಬೇಕು. ಯ = 4 ಹಾಕಿ. ಲೆಕ್ಕ: 16 + 20 + 6 = 42, ಕೆಳಗೆ 16 − 9 = 7, ಬೆಲೆ 6. ನನ್ನ ಉತ್ತರ: 6/1 = 6. ಸರಿ ಬಂತು. ಮಗನ ಉತ್ತರ: (20 + 2)/(−3), ಅಂದರೆ ಏಳಕ್ಕಿಂತ ಜಾಸ್ತಿ, ಅದೂ ಮೈನಸ್ಸು. ತಪ್ಪು ಅಂತ ಹೇಳಲು ಬೀಜಗಣಿತ ಗೊತ್ತಿರಬೇಕಿಲ್ಲ. ಕೂಡೋದು ಕಳೆಯೋದು ಬಂದರೆ ಸಾಕು.

ಆದರೆ ಇಲ್ಲೊಂದು ತಮಾಷೆ ಇದೆ. ನಿಮ್ಮ ಮಗನ ಉತ್ತರವನ್ನು ಸುಮ್ನೆ ಕುತೂಹಲಕ್ಕೆ ಬೇರೆ ಸಂಖ್ಯೆಗಳಿಗೂ ನೋಡಿದೆ. ಯ = 0 ಹಾಕಿದರೆ ಲೆಕ್ಕ 6/(−9), ಅಂದರೆ −2/3. ಅವನ ಉತ್ತರ 2/(−3). ಎರಡೂ ಒಂದೇ! ಸರಿ, 0 ಹಾಕಿದಾಗ ಯ ಇರುವ ಪದಗಳೆಲ್ಲ ಮಾಯವಾಗಿ ಬರೀ 6 ಮತ್ತು 9 ಉಳಿಯುತ್ತವೆ, ಅವನ್ನು ಅವನು ಸರಿಯಾಗೇ ಹೊಡೆದಿದ್ದ, ಅದಕ್ಕೆ ಹೊಂದಿತು ಅಂದುಕೊಂಡೆ. ಆಮೇಲೆ ಯ = 2 ಹಾಕಿದೆ. ಲೆಕ್ಕ: (4 + 10 + 6)/(4 − 9) = 20/(−5) = −4. ಅವನ ಉತ್ತರ: 12/(−3) = −4. ಇಲ್ಲೂ ಗೆದ್ದ! ಎರಡು ಸಲ ತಾಳೆ ನೋಡಿ ಎರಡು ಸಲವೂ ಹೊಂದಿದರೆ ಯಾರಾದರೂ 'ಮೇಷ್ಟರೇ ತಪ್ಪು ತಿದ್ದಿದ್ದಾರೆ' ಅಂತ ಸ್ಕೂಲಿಗೆ ಜಗಳಕ್ಕೆ ಹೋಗುತ್ತಾರೆ. ನೀವು ಹೋಗಬೇಡಿ. ಸರಿ ಉತ್ತರವನ್ನೂ ಅವನ ಉತ್ತರವನ್ನೂ ಸಮ ಅಂತ ಇಟ್ಟು ಬಿಡಿಸಿದರೆ ಒಂದು ವರ್ಗ ಸಮೀಕರಣ ಬರುತ್ತದೆ, ಅದಕ್ಕೆ ಇರುವುದೇ ಎರಡು ಉತ್ತರ, 0 ಮತ್ತು 2. ಆ ಎರಡು ಕಡೆ ಬಿಟ್ಟು ಇನ್ನೆಲ್ಲೂ ಹೊಂದುವುದಿಲ್ಲ. ಆದ್ದರಿಂದ ತಾಳೆ ನೋಡುವಾಗ 0, 1, 2 ಬೇಡ. 4, 7, 10 ಥರದ ಸಂಖ್ಯೆ ಹಾಕಿ, ಅದೂ ಎರಡು ಮೂರು. ಯ = 10ಕ್ಕೆ ಲೆಕ್ಕ 156/91, ಎರಡನ್ನೂ 13ರಿಂದ ಭಾಗಿಸಿದರೆ 12/7. ಸರಿ ಉತ್ತರದಲ್ಲೂ (10 + 2)/(10 − 3), ಅದೇ 12/7. ಆ ಹೋದ 13 ಏನು ಹೇಳಿ? ಅದೇ ಯ + 3. ಇದನ್ನು ಮಗನಿಗೆ ತೋರಿಸಿ. ನನ್ನ ಕ್ಲಾಸಿನಲ್ಲಿ ಕಪ್ಪು ಹಲಗೆ ಮೇಲೆ ಈ 13 ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ತಪ್ಪು ದಾರಿಯಲ್ಲಿ ಸರಿ ಉತ್ತರ ಬರುವುದು ಬರೀ ಸಂಖ್ಯೆಗಳಲ್ಲೂ ಉಂಟು. 16/64ರಲ್ಲಿ ಎರಡು 6 ಹೊಡೆಯಿರಿ, 1/4 ಉಳಿಯುತ್ತದೆ, ಅದೇ ಸರಿ ಉತ್ತರ. 19/95ರಲ್ಲಿ 9 ಹೊಡೆದರೆ 1/5, ಅದೂ ಸರಿ. 26/65 ಕೂಡ ಹಾಗೇ. ಇದನ್ನು ನಂಬಿ 13/34ರಲ್ಲಿ 3 ಹೊಡೆದರೆ ಮೂಗು ಮುರಿಯುತ್ತದೆ.

ಈಗ ಎರಡನೇ ಲೆಕ್ಕ. ಇದರಲ್ಲಿ ಮೂರು ಕಡೆ ನೋಡಬೇಕು. ಮೊದಲು ಆ ಕಾಣೆಯಾದ ಛೇದ.

'ಗುಣಿಸಿ ತೆಗೆದುಬಿಟ್ಟೆ' ಅಂದನಲ್ಲ, ಅದು ಅವನು ಬೇರೆಡೆ ಕಲಿತದ್ದು. ಸಮೀಕರಣ ಬಿಡಿಸುವಾಗ ಹಾಗೆ ಮಾಡಬಹುದು. ಸಮೀಕರಣ ಅಂದರೆ ತಕ್ಕಡಿ, ಎರಡು ತಟ್ಟೆ ಇವೆ. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಮುಳ್ಳು ಅಲ್ಲಾಡುವುದಿಲ್ಲ. ಬೀಜೋಕ್ತಿಗೆ, ಅಂದರೆ ಸಮ ಚಿಹ್ನೆ ಇಲ್ಲದ ಇಂಥ ಲೆಕ್ಕಕ್ಕೆ, ಎರಡನೇ ತಟ್ಟೆ ಎಲ್ಲಿದೆ? ಇರುವುದು ಒಂದೇ ವಸ್ತು, ಅದರ ಬೆಲೆ ಕೆಡಿಸದೇ ಉಡುಪು ಮಾತ್ರ ಬದಲಿಸಬೇಕು. ಮನೆಗೆ ಅರ್ಧ ಲೀಟರ್ ಹಾಲು ಬಂತು, ಪಕ್ಕದವರು ಮೂರನೇ ಒಂದು ಲೀಟರ್ ಕೊಟ್ಟರು. 1/2 + 1/3. 'ಆರರಿಂದ ಗುಣಿಸಿ ತೆಗೆದುಬಿಡೋಣ' ಅಂದರೆ 3 + 2 = 5. ಐದು ಲೀಟರ್ ಹಾಲು ಕಾಯಿಸಲು ಪಾತ್ರೆ ಇಟ್ಟು ಕೂತರೆ ಇರುವುದು 5/6 ಲೀಟರ್. ಇದನ್ನು ಅಡುಗೆಮನೆಯಲ್ಲೇ ಹೇಳಿ, ಮರೆಯುವುದಿಲ್ಲ. ಲೆಕ್ಕದಲ್ಲಿ ನಡುವೆ ಸಮ ಚಿಹ್ನೆ ಕೊಟ್ಟಿದ್ದಾರಾ ಇಲ್ಲವಾ ಅಂತ ಮೊದಲು ನೋಡುವ ಅಭ್ಯಾಸ ಮಾಡಿಸಿ. ಕೊಟ್ಟಿದ್ದರೆ ಛೇದ ತೆಗೆಯಬಹುದು. ಇಲ್ಲದಿದ್ದರೆ ಛೇದ ಕೊನೇವರೆಗೂ ಜೊತೆಗೇ ಬರಬೇಕು.

ಎರಡನೆಯದು, ಛೇದ ಸಮ ಮಾಡುವುದು. ಹುಡುಗ (ಯ − 2) ಮತ್ತು (ಯ² − 4) ಎರಡನ್ನೂ ಗುಣಿಸಿ ದೊಡ್ಡದೊಂದು ಛೇದ ಬರೆದು, ಆಮೇಲೆ ಹೊಡೆದುಹಾಕಿದ್ದು ಫೋಟೋದಲ್ಲಿ ಕಾಣುತ್ತದೆ. ಗುಣಿಸಿದರೆ ತಪ್ಪೇನಲ್ಲ, ಆದರೆ ಸುತ್ತು ದಾರಿ. ಮೊದಲು ಛೇದಗಳನ್ನು ಮೂಟೆ ಕಟ್ಟಿ ನೋಡಬೇಕು. ಯ² − 4 ಅಂದರೆ (ಯ − 2)(ಯ + 2). ಅಂದರೆ ಒಂದನೇ ಛೇದ ಎರಡನೇ ಛೇದದ ಹೊಟ್ಟೆಯಲ್ಲೇ ಇದೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ), ಅಂದರೆ ಎರಡು ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕದು, (ಯ − 2)(ಯ + 2), ಅಷ್ಟೇ. ಮೊದಲ ಭಿನ್ನರಾಶಿಗೆ ಇಲ್ಲದಿರುವುದು (ಯ + 2), ಅದನ್ನು ಮೇಲೂ ಕೆಳಗೂ ಗುಣಿಸಿದರೆ ಆಯಿತು.

ಛೇದಗಳನ್ನು ಸುಮ್ನೆ ಗುಣಿಸದೇ ಲ.ಸಾ.ಅ. ಹಿಡಿಯುವ ಈ ಉಪಾಯ ನಮ್ಮ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಭಿನ್ನರಾಶಿಗೇ ಅದರಲ್ಲಿ 'ಕಲಾಸವರ್ಣ' ಅಂತ ಒಂದು ಅಧ್ಯಾಯ ಇದೆ. ಲ.ಸಾ.ಅ.ಕ್ಕೆ ಆತ ಇಟ್ಟ ಹೆಸರು 'ನಿರುದ್ಧ'. ಅಷ್ಟು ಯಾಕೆ, ನಮ್ಮ ಅಜ್ಜಂದಿರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಹೇಳುತ್ತಿದ್ದರು. ಹದಿನಾರನೇ ಒಂದು ಭಾಗಕ್ಕೆ ವೀಸ ಅಂತ ಬೇರೆ ಹೆಸರೇ ಇತ್ತು. ಭಿನ್ನರಾಶಿ ಅಂದರೆ ಹೆದರುವ ಜನ ಅಲ್ಲ ನಾವು, ಕ್ಯಾಲ್ಕುಲೇಟರ್ ಬಂದ ಮೇಲೆ ಹೆದರುವುದು ಕಲಿತೆವು.

ಮೂರನೆಯದು ಮೈನಸ್ಸು. ಇದೇ ನಿಜವಾದ ಕಳ್ಳ.

3/(ಯ − 2) − (ಯ + 1)/(ಯ² − 4)
= [3(ಯ + 2) − (ಯ + 1)] / [(ಯ − 2)(ಯ + 2)]
= (3ಯ + 6 − ಯ − 1) / (ಯ² − 4)
= (2ಯ + 5) / (ಯ² − 4)

ಅವನಿಗೆ 2ಯ + 7 ಹೇಗೆ ಬಂತು? 3ಯ + 6 − ಯ + 1 ಅಂತ ಬರೆದಿದ್ದಾನೆ. ಮೈನಸ್ಸು ಯಗೆ ಮಾತ್ರ ತಗುಲಿತು, ಪಕ್ಕದ 1ಕ್ಕೆ ತಗುಲಲಿಲ್ಲ. ಭಿನ್ನರಾಶಿಯ ಅಡ್ಡಗೀಟು ಇದೆಯಲ್ಲ, ಅದು ಭಾಗಾಕಾರದ ಗೀಟು ಮಾತ್ರ ಅಲ್ಲ, ಆವರಣದ ಕೆಲಸವನ್ನೂ ಮಾಡುತ್ತದೆ. ಗೀಟಿನ ಮೇಲೆ ಯ + 1 ಅಂತ ಬರೆದಾಗ ಕಾಣದ ಒಂದು ಆವರಣ ಅದರ ಸುತ್ತ ಇರುತ್ತದೆ. ಎರಡು ಭಿನ್ನರಾಶಿ ಸೇರಿ ಒಂದೇ ಉದ್ದದ ಗೀಟು ಆದಾಗ ಆ ಆವರಣ ಕಳೆದುಹೋಗುತ್ತದೆ. ಆದ್ದರಿಂದ ಗೀಟು ಸೇರಿಸುವ ಮೊದಲೇ ಪೆನ್ನಿನಿಂದ ಆವರಣ ಹಾಕಬೇಕು, ಬೇಕಿಲ್ಲ ಅನಿಸಿದರೂ ಹಾಕಬೇಕು. ನಾನು ಪಿಯುಸಿಯಲ್ಲಿದ್ದಾಗ ಎರಡು ಪುಟದ ಒಂದು ಲೆಕ್ಕವನ್ನು ಮೂರನೇ ಸಾಲಿನಲ್ಲೇ ಹೀಗೆ ಹಾಳು ಮಾಡಿಕೊಂಡು, ಕೊನೆಗೆ ಉತ್ತರ ಹೊಂದದೇ ಹೋದಾಗ ಪ್ರಶ್ನೆಯೇ ತಪ್ಪು ಅಂತ ಉತ್ತರ ಪತ್ರಿಕೆಯಲ್ಲಿ ಟಿಪ್ಪಣಿ ಬೇರೆ ಬರೆದಿದ್ದೆ. ತಿದ್ದಿದವರು ಏನಂದುಕೊಂಡರೋ. ಅವತ್ತಿನಿಂದ ಮೈನಸ್ಸು ಕಂಡ ಕೂಡಲೇ ಕೈ ತಾನಾಗೇ ಆವರಣ ಹಾಕುತ್ತದೆ.

ತಾಳೆ ನೋಡಿ: ಯ = 3. ಲೆಕ್ಕ: 3/1 − 4/5 = 11/5. ಉತ್ತರ: (6 + 5)/(9 − 4) = 11/5. ಮಗನ ಉತ್ತರದಲ್ಲಿ 13 ಬರುತ್ತದೆ. ಛೇದವನ್ನು ಬಿಟ್ಟುಕೊಡದೇ ಇದ್ದಿದ್ದರೂ 13/5 ಆಗುತ್ತಿತ್ತು. ಅಂದರೆ ತಪ್ಪು ಎರಡು, ಒಂದಲ್ಲ. ಆದರೂ 3ನ್ನು (ಯ + 2)ರಿಂದ ಗುಣಿಸಬೇಕು ಅನ್ನೋದನ್ನ ಸರಿಯಾಗಿ ಹಿಡಿದಿದ್ದಾನೆ, ನಾನಾಗಿದ್ದರೆ ಅದಕ್ಕೆ ಒಂದು ಮಾರ್ಕ್ ಹಾಕುತ್ತಿದ್ದೆ. ಬರೀ ಕೆಂಪು ಗೀಟು ಹಾಕಿ ಬಿಡುವುದು ನನಗೆ ಹಿಡಿಸುವುದಿಲ್ಲ. ಅರವತ್ತು ಹಾಳೆ ತಿದ್ದುವವರ ಕಷ್ಟವೂ ಗೊತ್ತು ಅನ್ನಿ.

ಇನ್ನು ಸೊನ್ನೆಯ ವಿಷಯ. ಛೇದದಲ್ಲಿ ಸೊನ್ನೆ ಬರಬಾರದು, ಇದು ಎಲ್ಲರಿಗೂ ಗೊತ್ತು. ಆದರೆ ಮೂಟೆ ಹೊಡೆದ ಮೇಲೆ ಆ ಎಚ್ಚರಿಕೆ ಕಣ್ಣಿಗೆ ಕಾಣದ ಹಾಗಾಗುತ್ತದೆ. ಮೊದಲ ಲೆಕ್ಕದಲ್ಲಿ ಕೊಟ್ಟ ಛೇದ (ಯ + 3)(ಯ − 3), ಅಂದರೆ ಯ 3 ಆಗಬಾರದು, −3 ಕೂಡ ಆಗಬಾರದು. ಉತ್ತರದಲ್ಲಿ ಉಳಿದದ್ದು ಯ − 3 ಮಾತ್ರ. ಅಲ್ಲಿಗೆ −3 ಹಾಕಿದರೆ 1/6 ಅಂತ ನಿರಾಳವಾಗಿ ಬೆಲೆ ಬರುತ್ತದೆ, ಆದರೆ ಮೂಲ ಲೆಕ್ಕಕ್ಕೆ ಹಾಕಿದರೆ 0/0. ನಾವು ಕ್ಯಾನ್ಸಲ್ ಮಾಡಿದ್ದು (ಯ + 3)/(ಯ + 3) = 1 ಅನ್ನುವ ಧೈರ್ಯದ ಮೇಲೆ, −3ಕ್ಕೆ ಆ ಧೈರ್ಯವೇ ಇಲ್ಲ. ಅದಕ್ಕೆ ಒಳ್ಳೆಯ ಮೇಷ್ಟರು ಉತ್ತರದ ಪಕ್ಕದಲ್ಲಿ 'ಯ ≠ 3, ಯ ≠ −3' ಅಂತ ಬರೆಸುತ್ತಾರೆ. ಮೂಲ ಲೆಕ್ಕದ ಛೇದವನ್ನು ನೋಡಿ ಬರೆಯಬೇಕು, ಉತ್ತರದ ಛೇದವನ್ನು ನೋಡಿ ಅಲ್ಲ.

ಸೊನ್ನೆಯಲ್ಲಿ ಎಡವುವುದು ಮಕ್ಕಳು ಮಾತ್ರ ಅಲ್ಲ. ಮೇಲೆ ಹೇಳಿದ ಮಹಾವೀರಾಚಾರ್ಯನೇ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತ ಬರೆದಿದ್ದಾನೆ. ಅದಕ್ಕೂ ಮೊದಲು, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದಿದ್ದ. ಅಂಥವರೇ ತಪ್ಪಿದ ಜಾಗ ಇದು, ನಿಮ್ಮ ಮಗ ಇಲ್ಲಿ ತಪ್ಪಿದರೆ ಬೈಯಬೇಡಿ.

ಮುಂದಿನ ಟೆಸ್ಟಿನಲ್ಲಿ ಖಂಡಿತ ಬರುವ ಇನ್ನೊಂದು ಬಗೆ ಹೇಳಿಬಿಡುತ್ತೇನೆ. (25 − ಯ²)/(ಯ² − 5ಯ). ಮೇಲೆ (5 − ಯ)(5 + ಯ), ಕೆಳಗೆ ಯ(ಯ − 5). ಮಕ್ಕಳು ಇಲ್ಲಿ ಎರಡು ಥರ ಆಡುತ್ತಾರೆ. ಒಬ್ಬ (5 − ಯ) ಬೇರೆ, (ಯ − 5) ಬೇರೆ ಅಂತ ಬಿಟ್ಟುಬಿಡುತ್ತಾನೆ. ಇನ್ನೊಬ್ಬ ಎರಡೂ ಒಂದೇ ಅಂತ ಹೊಡೆದುಹಾಕುತ್ತಾನೆ. 5ರಿಂದ 3 ಕಳೆದರೆ 2, 3ರಿಂದ 5 ಕಳೆದರೆ −2. ಅದೇ ಮೂಟೆ, ತಲೆಕೆಳಗಾಗಿ ಇಟ್ಟಿದೆ. ಹೊಡೆಯಬಹುದು, ಆದರೆ 1ರ ಬದಲು −1 ಉಳಿಯುತ್ತದೆ. ಉತ್ತರ −(ಯ + 5)/ಯ. ಈಗ ಮತ್ತೆ ಯ ಮೇಲೊಂದು ಕೆಳಗೊಂದು ಕಾಣುತ್ತದೆ. ಮುಟ್ಟಬೇಡಿ.

ಭಾಗಾಕಾರ ಬಂದರೆ ಹೆಚ್ಚು ಹೇಳಲು ಏನಿಲ್ಲ. ಎರಡನೆಯದನ್ನು ತಿರುಗಿಸಿ ಗುಣಿಸುವುದು, ಅದು ಅವನಿಗೆ ಬರುತ್ತದೆ. ತಿರುಗಿಸುವುದು ಎರಡನೆಯದನ್ನು ಮಾತ್ರ, ತಿರುಗಿಸಿದ ಮೇಲೇ ಹೊಡೆಯುವುದು, ಇಷ್ಟು ನೆನಪಿದ್ದರೆ ಸಾಕು.

'ಇದೆಲ್ಲ ಯಾಕೆ ಬೇಕು' ಅಂತ ಅವನು ಕೇಳಿಯೇ ಕೇಳುತ್ತಾನೆ. ಅದಕ್ಕೊಂದು ಲೆಕ್ಕ ಇಟ್ಟುಕೊಳ್ಳಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬೆಳಿಗ್ಗೆ ರಸ್ತೆ ಖಾಲಿ, ಗಂಟೆಗೆ 60ರಂತೆ ಬಂದಿರಿ. ಸಂಜೆ ಕಬ್ಬಿನ ಗಾಡಿ, ಬಸ್ಸು, ಜನ ಎಲ್ಲ ಸೇರಿ ಗಂಟೆಗೆ 30ರಂತೆ ವಾಪಸ್ ಹೋದಿರಿ. ಸರಾಸರಿ ವೇಗ ಎಷ್ಟು ಅಂದರೆ ಮನೆಮಂದಿಯೆಲ್ಲ 45 ಅಂತಾರೆ. ಅಲ್ಲ. ಬರುವ ವೇಗ ಅ, ಹೋಗುವ ವೇಗ ಬ ಅಂತ ಇಟ್ಟರೆ, ಒಟ್ಟು ದೂರ ಭಾಗಿಸು ಒಟ್ಟು ಸಮಯ:

90 / (45/ಅ + 45/ಬ)

ಭಿನ್ನರಾಶಿಯ ಹೊಟ್ಟೆಯಲ್ಲಿ ಭಿನ್ನರಾಶಿ. ಮಹಡಿ ಮೇಲೆ ಮಹಡಿ ಕಂಡು ಗಾಬರಿ ಬೇಡ. ಒಳಗಿನ ಪುಟ್ಟ ಛೇದಗಳ ಲ.ಸಾ.ಅ. ಅಬ. ಅದರಿಂದ ಮೇಲೂ ಕೆಳಗೂ ಗುಣಿಸಿ, ಒಂದೇ ಏಟಿಗೆ ಒಳಗಿನ ಛೇದಗಳು ಹೋಗುತ್ತವೆ. ಮೇಲೆ ಕೆಳಗೆ ಎರಡನ್ನೂ ಗುಣಿಸಿದ್ದರಿಂದ ಬೆಲೆ ಬದಲಾಗಲಿಲ್ಲ, ಬರೀ ಮೇಲೆ ಗುಣಿಸಿದ್ದರೆ ಹಾಲಿನ ಕಥೆಯೇ ಆಗುತ್ತಿತ್ತು.

90ಅಬ / (45ಬ + 45ಅ) = 90ಅಬ / [45(ಅ + ಬ)] = 2ಅಬ / (ಅ + ಬ)

ಅ = 60, ಬ = 30 ಹಾಕಿ: 3600/90 = 40. ಗಂಟೆಗೆ 40, 45 ಅಲ್ಲ. ನಂಬಿಕೆ ಬರದಿದ್ದರೆ ಗಡಿಯಾರ ನೋಡಿ: ಬರುವುದಕ್ಕೆ ಮುಕ್ಕಾಲು ಗಂಟೆ, ಹೋಗುವುದಕ್ಕೆ ಒಂದೂವರೆ ಗಂಟೆ, ಒಟ್ಟು ಎರಡೂಕಾಲು ಗಂಟೆಯಲ್ಲಿ 90 ಕಿಲೋಮೀಟರ್. ಇನ್ನೊಂದು ವಿಷಯ ಗಮನಿಸಿ, 45 ಅನ್ನೋದು ಉತ್ತರದಲ್ಲಿ ಎಲ್ಲೂ ಇಲ್ಲ. ಮದ್ದೂರಿಗೆ ಹೋಗಿ ವಡೆ ತಿಂದು ಬಂದರೂ ಅದೇ ಸೂತ್ರ, ವಡೆಗೆ ನಿಂತ ಹೊತ್ತು ಬಿಟ್ಟು. ದೂರ ಮುಖ್ಯವೇ ಅಲ್ಲ ಅನ್ನುವ ಸಂಗತಿ ಸುಲಭ ರೂಪಕ್ಕೆ ತಂದ ಮೇಲೆ ಕಣ್ಣಿಗೆ ಬಿತ್ತು, ಅಲ್ಲಿಯವರೆಗೆ ಮಹಡಿಗಳ ನಡುವೆ ಅವಿತಿತ್ತು. ಇಲ್ಲಿ ಉತ್ತರದಲ್ಲಿ ಅ ಮೇಲೂ ಇದೆ ಕೆಳಗೂ ಇದೆ, ಹೊಡೆಯಬಹುದಾ ಅಂತ ಮಗನನ್ನು ಕೇಳಿ. ಅವನು ಏನಂತಾನೆ ನೋಡಿ.

ಟ್ಯೂಷನ್ ಈಗ ಬೇಡ. ಅಲ್ಲೂ ಇನ್ನೊಂದಿಷ್ಟು ಲೆಕ್ಕ ಬೋರ್ಡಿನ ಮೇಲೆ ಓಡುತ್ತವೆ, ಇವನು ನಕಲು ಮಾಡಿಕೊಂಡು ಬರುತ್ತಾನೆ. ಹದಿನೈದು ದಿನ ಮನೆಯಲ್ಲೇ ನೋಡಿ. ಮೊದಲ ನಾಲ್ಕೈದು ದಿನ ಭಿನ್ನರಾಶಿ ಮುಟ್ಟಿಸಬೇಡಿ, ಎಂಟನೇ ಕ್ಲಾಸಿನ ಹಳೇ ಪುಸ್ತಕ ತೆಗೆದು ಅಪವರ್ತಿಸುವ ಲೆಕ್ಕ ದಿನಕ್ಕೆ ಹತ್ತು ಮಾಡಿಸಿ. ಮೂಟೆ ಕಟ್ಟಲು ಬರದವನಿಗೆ ಮೂಟೆ ಹೊಡೆಯುವುದು ಹೇಳಿಕೊಟ್ಟು ಫಲವಿಲ್ಲ. ಆಮೇಲೆ ದಿನಕ್ಕೆ ಮೂರೇ ಭಿನ್ನರಾಶಿ ಲೆಕ್ಕ. ಪ್ರತಿ ಓರೆ ಗೀಟು ಹಾಕುವ ಮುಂಚೆ 'ಇದು ಗುಣಿಸಿ ನಿಂತಿದೆಯಾ, ಕೂಡಿ ನಿಂತಿದೆಯಾ' ಅಂತ ಬಾಯಿ ಬಿಟ್ಟು ಹೇಳಬೇಕು, ನಾಚಿಕೆ ಆದರೂ ಹೇಳಬೇಕು. ಉತ್ತರ ಬಂದ ಮೇಲೆ, ಛೇದ ಸೊನ್ನೆ ಆಗದಂಥ ಸಂಖ್ಯೆ ಆರಿಸುವುದು ನಿಮ್ಮ ಕೆಲಸ. ಅವನು ಲೆಕ್ಕಕ್ಕೆ ಹಾಕಲಿ, ನೀವು ಉತ್ತರಕ್ಕೆ ಹಾಕಿ, ಇಬ್ಬರಿಗೂ ಒಂದೇ ಬೆಲೆ ಬಂತಾ ನೋಡಿ.

ಶುರು ಮಾಡಲು ಇವು ಮೂರು: (ಯ² − ಯ − 12)/(ಯ² − 16), (2ಯ + 6)/(9 − ಯ²), ಮತ್ತು 2/(ಯ − 1) − (ಯ + 3)/(ಯ² − 1). ಉತ್ತರ ಇಲ್ಲಿ ಕೊಡುವುದಿಲ್ಲ, ಹೇಗೂ ನೀವೇ ತಾಳೆ ನೋಡುತ್ತೀರಿ. ಮೂರನೆಯದನ್ನು ಬಿಡಿಸಿದಾಗ ಮೇಲೂ ಕೆಳಗೂ ಒಂದು ಮೂಟೆ ಹೋಗಿ, ಅಂಶದಲ್ಲಿ ಬರೀ 1 ಉಳಿಯಬೇಕು. ಉಳಿಯದಿದ್ದರೆ ಮೈನಸ್ಸಿನ ಹತ್ತಿರ ಹೋಗಿ ಹುಡುಕಿ.